ಬಾಲ ಭಾರವಾದ ವಿಮಾನ: ಮೋಡ್ ಬೇಕೋ, ಕೈಯೋ, ಒಂದು ಅಂಕಿಯೋ?

ಮೊದಲೇ ಹೇಳಿಬಿಡುತ್ತೇನೆ. ರಾಕೆಟ್, ವಿಮಾನ ಕಟ್ಟಿ ಹಾರಿಸುವ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಆಟದಲ್ಲಿ ಟ್ಯಾಂಕುಗಳ ಇಂಧನದ ತೂಕ ಸರಿದೂಗಿಸಲು ನನ್ನ ವೋಟು, ಆಟದ ಒಳಗೇ ಇರುವ ಫ್ಲೋ ಪ್ರಯಾರಿಟಿ ಎಂಬ ಪುಟ್ಟ ಅಂಕಿಗೆ. ಮೂರು ರಾತ್ರಿ ಹಾಳು ಮಾಡಿಕೊಂಡ ಮೇಲೆ ಬಂದ ಬುದ್ಧಿ ಇದು.

ನನ್ನದು ಎರಡು ರೇಪಿಯರ್ ಎಂಜಿನ್ನಿನ ವಿಮಾನ. ರನ್‌ವೇಯಿಂದ ಎದ್ದು ಕಕ್ಷೆಗೆ ಹೋಗಿ, ಮತ್ತೆ ರನ್‌ವೇಗೇ ಬಂದಿಳಿಯಬೇಕು. ಹೋಗುವಾಗ ಏನೂ ತಕರಾರಿಲ್ಲ. ವಾಪಸ್ ಬರುವಾಗ 30 ಕಿಲೋಮೀಟರ್ ಎತ್ತರದಲ್ಲಿ, ಹಿಂದೆ ಜಾಸ್ತಿ ಹೇರಿದ ಎತ್ತಿನಗಾಡಿಯ ಮೂಕಿ ಎದ್ದ ಹಾಗೆ ಮೂಗು ಮೇಲೆದ್ದಿತು. ಆಮೇಲೆ ಬಾಲ ಮುಂದೆ, ಮೂಗು ಹಿಂದೆ. ಉಳಿದದ್ದು ಬೂದಿ.

ಟ್ಯಾಂಕುಗಳ ತೂಕ ಸರಿ ಇಲ್ಲ ಅಂದುಕೊಂಡು ಟಿಎಸಿ ಫ್ಯೂಯಲ್ ಬ್ಯಾಲೆನ್ಸರ್ ಎಂಬ ಮೋಡ್ (ಬೇರೆಯವರು ಬರೆದ, ಆಟಕ್ಕೆ ಸೇರಿಸಿಕೊಳ್ಳುವ ತುಣುಕು) ಹಾಕಿದೆ. ಒಂದು ಕಿಟಕಿ ತೆರೆಯುತ್ತದೆ, ಅದರಲ್ಲಿ ಎಲ್ಲ ಟ್ಯಾಂಕುಗಳ ಪಟ್ಟಿ. ಬ್ಯಾಲೆನ್ಸ್ ಒತ್ತಿದೆ, ಎಲ್ಲವೂ ಸಮ ಆದವು. ಖುಷಿಯೋ ಖುಷಿ. ಇಳಿಯುವಾಗ ಮತ್ತೆ ಮಗುಚಿತು!

ರೆಕ್ಕೆಯದ್ದೇ ತಪ್ಪು ಅಂತ ರೆಕ್ಕೆ ಹಿಂದಕ್ಕೆ ಸರಿಸಿದೆ. ಈಗ ಮೇಲೇಳುವುದೇ ಕಷ್ಟವಾಯಿತು. ಕೊನೆಗೆ ಹ್ಯಾಂಗರಿನಲ್ಲಿ ಕೂತು ಎಲ್ಲ ಟ್ಯಾಂಕುಗಳ ಇಂಧನದ ಸ್ಲೈಡರನ್ನು ಸೊನ್ನೆಗೆ ಎಳೆದು ನೋಡಿದೆ. ತೂಕದ ಕೇಂದ್ರ ತೋರಿಸುವ ಹಳದಿ ಗುಂಡು ನಿಧಾನಕ್ಕೆ ಜಾರುತ್ತಾ ಹೋಗಿ ರೆಕ್ಕೆಗಳ ಎತ್ತುವ ಬಲದ ಕೇಂದ್ರ ತೋರಿಸುವ ನೀಲಿ ಗುಂಡನ್ನು ದಾಟಿ ಹಿಂದೆ ನಿಂತಿತು. ಅಲ್ಲಿಗೆ ಎಲ್ಲ ಅರ್ಥವಾಯಿತು: ಇಂಧನ ಖಾಲಿಯಾದಂತೆ ಬಾಲವೇ ಭಾರ.

ಮೋಡ್‌ನ ಬ್ಯಾಲೆನ್ಸ್ ಬಟನ್ ಮಾಡುವುದು ಎಲ್ಲ ಟ್ಯಾಂಕನ್ನೂ ಒಂದೇ ಶೇಕಡಾಕ್ಕೆ ತರುವುದು, ಅಷ್ಟೇ. ಒಂದು ರೇಪಿಯರ್ 2 ಟನ್. ಅಂದರೆ ಬಾಲದಲ್ಲಿ ಯಾವಾಗಲೂ 4 ಟನ್ ಕೂತಿರುತ್ತದೆ. ಮೂಗಿನ ಹತ್ತಿರದ ಎಂಕೆ1 ಟ್ಯಾಂಕ್ ತುಂಬಿದಾಗ 2.25 ಟನ್, ಖಾಲಿಯಾದರೆ ಬರೀ ಕಾಲು ಟನ್. ಎಲ್ಲ ಟ್ಯಾಂಕಲ್ಲೂ ಶೇಕಡಾ 5 ಉಳಿದಾಗ ಮುಂದಿನದು 350 ಕೆಜಿ! ಮೋಡ್‌ನದ್ದು ತಪ್ಪಲ್ಲ ಬಿಡಿ. ಸಮ ಮಾಡು ಅಂದೆ, ಸಮ ಮಾಡಿತು. ಎಡಕ್ಕೊಂದು ಬಲಕ್ಕೊಂದು ಟ್ಯಾಂಕ್ ಇರುವ ಲ್ಯಾಂಡರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಪಿಡಬ್ಲ್ಯುಬಿ ಫ್ಯೂಯಲ್ ಬ್ಯಾಲೆನ್ಸರ್ ಎಂಬ ಇನ್ನೊಂದು ಮೋಡ್ ಇನ್ನೂ ಜಾಣ. ತೂಕದ ಕೇಂದ್ರ ಎಲ್ಲಿರಬೇಕು ಅಂತ ಗುರುತು ಹಾಕಿಕೊಟ್ಟರೆ ಇಂಧನ ಸಾಗಿಸಿ ಅಲ್ಲೇ ಹಿಡಿದಿಡಲು ನೋಡುತ್ತದೆ. ಸಾಗಿಸಲು ಇಂಧನವೇ ಇಲ್ಲದಿದ್ದರೆ ಅದು ತಾನೇ ಏನು ಮಾಡೀತು?

ಕೈಯಾರೆ ಇಂಧನ ಸಾಗಿಸುವ ದಾರಿ ಎಂದರೆ ಆಲ್ಟ್ ಒತ್ತಿ ಎರಡು ಟ್ಯಾಂಕಿನ ಮೇಲೂ ರೈಟ್ ಕ್ಲಿಕ್ ಮಾಡುವುದು. ಕಕ್ಷೆಯಲ್ಲಿ ಆರಾಮಾಗಿ ಮಾಡಬಹುದು. ಬೆಂಕಿಯ ನಡುವೆ ಇಳಿಯುತ್ತಾ ಮಾಡಲು ಹೋದರೆ ಟ್ಯಾಂಕಿನ ಬದಲು ರೆಕ್ಕೆ ಕ್ಲಿಕ್ ಆಗುತ್ತದೆ.

ಇನ್ನು ನನ್ನ ಮೆಚ್ಚಿನ ಫ್ಲೋ ಪ್ರಯಾರಿಟಿ. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಟ್ವೀಕಬಲ್ಸ್ ಎಂಬ ಆಯ್ಕೆ ಆನ್ ಮಾಡದಿದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ, ನನಗೂ ಬಿದ್ದಿರಲಿಲ್ಲ. ಅಂಕಿ ದೊಡ್ಡದಿದ್ದರೆ ಆ ಟ್ಯಾಂಕ್ ಮೊದಲು ಖಾಲಿ. ಹಿಂದಿನದಕ್ಕೆ ದೊಡ್ಡ ಅಂಕಿ ಕೊಟ್ಟೆ, ಮೂಗಿನದಕ್ಕೆ ಚಿಕ್ಕದು. ಕಕ್ಷೆಯಿಂದ ಇಳಿಯುವಾಗ ಮೂಗಿನಲ್ಲಿ 200 ಯೂನಿಟ್ ಉಳಿದಿತ್ತು, ಅಂದರೆ ಸರಿಯಾಗಿ 1 ಟನ್. ವಿಮಾನ ಅಲುಗಾಡಲಿಲ್ಲ. ನಿಜವಾದ ವಿಮಾನ ಕಾಂಕಾರ್ಡ್ ಕೂಡ ಹಾರುವಾಗ ಇಂಧನವನ್ನು ಹಿಂದೆ ಮುಂದೆ ಪಂಪ್ ಮಾಡಿಯೇ ತೂಕ ಸರಿದೂಗಿಸುತ್ತಿತ್ತು, ಹಾಗಾಗಿ ಇದೇನು ಬರೀ ಆಟದ ಕಸರತ್ತಲ್ಲ.

ನನ್ನದು 8 ಜಿಬಿಯ ಹಳೆಯ ಲ್ಯಾಪ್‌ಟಾಪ್. ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ ಸಿಕ್ಕರೆ ಜಾಸ್ತಿ. ಮೋಡ್ ಹಾಕಿದಷ್ಟೂ ಲೋಡಿಂಗ್ ನೋಡುತ್ತಾ ಕೂರಬೇಕು, ಅದು ನನಗೆ ಆಗದ ಮಾತು. ದೊಡ್ಡ ಮಷೀನ್, ಹತ್ತಾರು ಟ್ಯಾಂಕಿನ ಹಡಗು ಇರುವವರು ಪಿಡಬ್ಲ್ಯುಬಿ ಹಾಕಿಕೊಳ್ಳಲಿ.

ಒಂದು ಕಿರಿಕಿರಿ ಮಾತ್ರ ಹಾಗೇ ಇದೆ. ಈಗ ಮೂಗು ಭಾರ, ರನ್‌ವೇ ಮುಟ್ಟುವ ತನಕ ಮೂಗು ಎತ್ತುವ ಎಸ್ ಕೀ ಬಿಡುವ ಹಾಗಿಲ್ಲ. ಮುಂದಿನ ಚಕ್ರ ಆಗಲೇ ಎರಡು ಸಲ ಮುರಿದಿದೆ.