ಕೇರಿಂಗ್ಸ್ ಪೋರ್ಟಲಿನ ಹೋಮ್ ಸ್ಟಡಿ: 6,000 ರೂಪಾಯಿಗೆ ಸಿಗುವುದೇನು, ನೀವೇ ಮಾಡಿಕೊಳ್ಳಬೇಕಾದ್ದೇನು

ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿದವರ ಮನೆಗೆ ಬಂದು ನಡೆಸುವ ಅಧ್ಯಯನವೇ ಹೋಮ್ ಸ್ಟಡಿ. ಅದಕ್ಕೆ ಬರುತ್ತಾರೆ ಎಂದೊಡನೆ ಮನೆಗೆ ಬಣ್ಣ ಹೊಡೆಸುವವರಿದ್ದಾರೆ, ತೊಟ್ಟಿಲು ತಂದಿಡುವವರಿದ್ದಾರೆ. ಎರಡೂ ಬೇಕಿಲ್ಲ. ಸ್ವಂತ ಮನೆಯೇ ಇರಬೇಕೆಂದೂ ಇಲ್ಲ, ಬಾಡಿಗೆ ಮನೆ ಸಾಕು. ಬರುವ ಸಮಾಜ ಕಾರ್ಯಕರ್ತರು ಬರೆಯುವುದು ಮನೆಯ ಅಂದದ ಬಗ್ಗೆ ಅಲ್ಲ, ಆ ಮನೆಯಲ್ಲಿ ಒಂದು ಮಗು ಹೇಗೆ ಬೆಳೆದೀತು ಎಂಬುದರ ಬಗ್ಗೆ.

ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ, ನಡೆಸುವ ಕೇರಿಂಗ್ಸ್ ಪೋರ್ಟಲಿನಲ್ಲಿ ನೋಂದಾಯಿಸಿದವರಿಗೆ ಈ ಅಧ್ಯಯನ ಕಡ್ಡಾಯ. 2022ರ ದತ್ತು ನಿಯಮಗಳ ಪ್ರಕಾರ ನೋಂದಣಿಯಾದ 30 ದಿನದೊಳಗೆ ದಾಖಲೆ ಅಪ್‌ಲೋಡ್ ಮಾಡಬೇಕು. ದಾಖಲೆ ಸಲ್ಲಿಕೆಯಾದ 60 ದಿನದೊಳಗೆ ವರದಿ ಸಿದ್ಧವಾಗಬೇಕು. ದತ್ತು ಸಂಸ್ಥೆಯ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು ಇದನ್ನು ಮಾಡುತ್ತಾರೆ. ಶುಲ್ಕ 6,000 ರೂಪಾಯಿ. ಅದಕ್ಕಿಂತ ಹೆಚ್ಚು ಯಾರಿಗೂ ಕೊಡಬೇಡಿ, ರಸೀದಿ ಇಲ್ಲದೆ ಕೊಡಲೇಬೇಡಿ.

ಹೆಚ್ಚಿನವರು ಎಡವುವುದು ಕಾಗದದಲ್ಲಿ. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆ ಪ್ರಮಾಣಪತ್ರದಲ್ಲಿ ಊರಿನ ಹೆಸರು ಸೇರಿದ ಇನ್ನೊಂದು ರೂಪ: ನಮ್ಮಲ್ಲಿ ಇದು ಮನೆಮನೆಯ ಕಥೆ. ಮದುವೆಯ ನಂತರ ಪತ್ನಿಯ ಹೆಸರಿನ ಮುಂದಿನ ಅಕ್ಷರ ಬದಲಾಗಿದ್ದರೆ ಗೊಂದಲ ಇನ್ನೂ ಹೆಚ್ಚು. ಪೋರ್ಟಲಿಗೆ ಹೋಗುವ ಮುನ್ನವೇ ಎಲ್ಲ ದಾಖಲೆಗಳನ್ನೂ ಒಂದೇ ಹೆಸರಿಗೆ ತನ್ನಿ, ಏಕೆಂದರೆ ಕೊನೆಗೆ ಜಿಲ್ಲಾಧಿಕಾರಿಯ ಮುಂದೆ ಹೋಗುವ ಕಡತದಲ್ಲಿ ಇವೇ ಇರುತ್ತವೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಹೊರಡಿಸುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ.

ಛತ್ರದಲ್ಲಿ ಮದುವೆಯಾಗಿ ನೋಂದಣಿಯ ಗೊಡವೆಗೇ ಹೋಗದ ದಂಪತಿಗಳು ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ಮುಗಿಸಿಕೊಳ್ಳಬೇಕು. ದತ್ತು ಪಡೆಯಲು ಕನಿಷ್ಠ 2 ವರ್ಷದ ಸ್ಥಿರ ದಾಂಪತ್ಯ ಇರಬೇಕು ಎಂಬ ನಿಯಮವಿದೆ, ಅದಕ್ಕೆ ಪುರಾವೆ ಈ ಪ್ರಮಾಣಪತ್ರ. ಸಂಬಳದ ಚೀಟಿ ಇಲ್ಲದ ರೈತರು, ಸಣ್ಣ ವ್ಯಾಪಾರಿಗಳು ಆದಾಯ ತೆರಿಗೆ ರಿಟರ್ನ್ ಇದ್ದರೆ ಅದನ್ನು ಕೊಡಲಿ, ಇಲ್ಲವಾದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ತಹಸೀಲ್ದಾರರ ಆದಾಯ ಪ್ರಮಾಣಪತ್ರ ಪಡೆಯಲಿ.

ವೈದ್ಯಕೀಯ ಪ್ರಮಾಣಪತ್ರದಲ್ಲಿ 'ಆರೋಗ್ಯವಾಗಿದ್ದಾರೆ' ಎಂಬ ಒಂದು ಸಾಲು ಸಾಲದು. ದೀರ್ಘಕಾಲದ, ಸಾಂಕ್ರಾಮಿಕ ಅಥವಾ ಮಾರಣಾಂತಿಕ ಕಾಯಿಲೆ ಇಲ್ಲ, ದತ್ತು ಪಡೆಯಲು ಸಮರ್ಥರು ಎಂದು ವೈದ್ಯರು ಸ್ಪಷ್ಟವಾಗಿ ಬರೆಯಬೇಕು, ಗಂಡನಿಗೊಂದು, ಹೆಂಡತಿಗೊಂದು. ಸಕ್ಕರೆ ಕಾಯಿಲೆಯೋ ಥೈರಾಯ್ಡೋ ಇದ್ದರೆ ಮುಚ್ಚಿಡಬೇಡಿ. ಚಿಕಿತ್ಸೆ ಏನು, ಎಷ್ಟು ಹತೋಟಿಯಲ್ಲಿದೆ ಎಂದು ನೋಡುವ ವೈದ್ಯರಿಂದಲೇ ಪತ್ರ ಬರೆಸಿ. ಮಾತಿನ ನಡುವೆ ಫ್ರಿಜ್‌ನಲ್ಲಿ ಇನ್ಸುಲಿನ್ ಕಂಡರೆ ಕಾಯಿಲೆಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

ವಯಸ್ಸಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. 2 ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿಸಿದರೆ 85 ಮೀರಬಾರದು. 2ರಿಂದ 4ರ ಮಗುವಿಗೆ 90, 4ರಿಂದ 8ಕ್ಕೆ 100, 8ರಿಂದ 18ಕ್ಕೆ 110. ಒಂಟಿಯಾಗಿ ದತ್ತು ಪಡೆಯುವವರಿಗೆ ಕ್ರಮವಾಗಿ 40, 45, 50, 55. ಒಂಟಿ ಪುರುಷರಿಗೆ ಹೆಣ್ಣು ಮಗು ಕೊಡುವುದಿಲ್ಲ.

ಇನ್ನು ಭೇಟಿಯ ದಿನ. ಗಂಡ ಹೆಂಡತಿ ಜೊತೆಯಾಗಿಯೂ ಬೇರೆಬೇರೆಯಾಗಿಯೂ ಮಾತನಾಡಬೇಕಾಗಬಹುದು. ಮನೆಯಲ್ಲಿ ಅತ್ತೆ ಮಾವ ಇದ್ದರೆ ಅವರನ್ನೂ ಕೇಳುತ್ತಾರೆ, ಮತ್ತು ತಯಾರಿ ಇಲ್ಲದಿರುವುದು ಬಹುತೇಕ ಇಲ್ಲೇ. 'ನಮ್ಮದೇನೂ ಅಭ್ಯಂತರ ಇಲ್ಲಮ್ಮ, ಆದರೆ ಯಾವ ಕುಲವೋ ಏನೋ' ಎಂದು ಹಿರಿಯರು ಅಂದರೆ ಆ ಮಾತು ಮಗು ಬಂದ ಮೇಲೂ ಮನೆಯಲ್ಲೇ ಇರುತ್ತದೆ. ಅವರಿಗೆ ಉತ್ತರ ಕಲಿಸಿಕೊಟ್ಟು ಕೂರಿಸಬೇಡಿ. ತಿಂಗಳುಗಳ ಮೊದಲೇ ಕೂತು ಮಾತನಾಡಿ, ಅವರ ಭಯ ಏನೆಂದು ಕೇಳಿಸಿಕೊಳ್ಳಿ. ಹಿಂಜರಿಕೆ ಉಳಿದಿದ್ದರೆ ಕಾರ್ಯಕರ್ತರಿಗೆ ಇದ್ದದ್ದನ್ನು ಇದ್ದಂತೆ ಹೇಳುವುದೇ ಒಳ್ಳೆಯದು.

ಕೇಳುವ ಪ್ರಶ್ನೆಗಳು ಸುಲಭದವಲ್ಲ. ದತ್ತು ಯಾಕೆ? ಮಕ್ಕಳಾಗಲಿಲ್ಲ ಎಂಬ ದುಃಖ ಎಲ್ಲಿಗೆ ಬಂದಿದೆ? ಇಬ್ಬರೂ ಕೆಲಸಕ್ಕೆ ಹೋದರೆ ಹಗಲು ಮಗುವಿನ ಹತ್ತಿರ ಯಾರು? ಹಠ ಹಿಡಿದರೆ ಏನು ಮಾಡುತ್ತೀರಿ? ನಿಮಗಿಬ್ಬರಿಗೂ ಏನಾದರೂ ಆದರೆ ಮಗು ಯಾರ ಮಡಿಲಿಗೆ? ದತ್ತು ಬಂದದ್ದೆಂದು ಅದಕ್ಕೆ ಯಾವಾಗ ಹೇಳುತ್ತೀರಿ? ಈ ಕೊನೆಯದಕ್ಕೆ 'ದೊಡ್ಡವನಾದ ಮೇಲೆ ನೋಡೋಣ' ಎನ್ನುವುದು ದುರ್ಬಲ ಉತ್ತರ. ಮಾತು ಬರುವ ಮೊದಲೇ ಆ ಪದ ಮನೆಯಲ್ಲಿ ಸಹಜವಾಗಿ ಓಡಾಡಬೇಕು, ನೆರೆಮನೆಯವರ ಬಾಯಿಂದ ಮಗುವಿಗೆ ಗೊತ್ತಾಗಬಾರದು.

ಮನೆಯಲ್ಲಿ ಸರಿಪಡಿಸಬೇಕಾದ್ದು ಸುರಕ್ಷತೆ. ಸಂಪಿನ ಮುಚ್ಚಳಕ್ಕೆ ಬೀಗ, ತಾರಸಿಯ ಮೆಟ್ಟಿಲಿಗೆ ಬಾಗಿಲು, ತೆರೆದ ಬಾವಿಗೆ ಕಬ್ಬಿಣದ ಜಾಲರಿ. ಹಳ್ಳಿಮನೆಗಳಲ್ಲಿ ಕೀಟನಾಶಕದ ಡಬ್ಬಿ ಅಟ್ಟದಿಂದಲೂ ಇಳಿದು ಬೀಗದ ಪೆಟ್ಟಿಗೆ ಸೇರಲಿ. ಇದನ್ನು ವರದಿಗಾಗಿ ಅಲ್ಲ, ಮಗುವಿಗಾಗಿಯೇ ಮಾಡಿ.

ಸೇವೆಯ ಬಗ್ಗೆ ನಮ್ಮ ತೀರ್ಮಾನ: ಉದ್ದೇಶ ಒಳ್ಳೆಯದು, ಶುಲ್ಕ ನ್ಯಾಯವಾದದ್ದು, ಆಪ್ತ ಸಮಾಲೋಚನೆಯೂ ಇದರ ಭಾಗ ಎಂಬುದು ದೊಡ್ಡ ಗುಣ. ಆದರೆ ಇಷ್ಟು ಆಳದ ವಿಷಯಗಳಿಗೆ ಒಂದು ಭೇಟಿ ತೀರಾ ಕಡಿಮೆ. ಭೇಟಿ ಒಂದೇ ಎಂದಾದರೆ ಎರಡನೆಯದನ್ನು ನೀವೇ ಕೇಳಿ. ಅರ್ಜಿ ತುಂಬುವುದು ಇಂಗ್ಲಿಷಿನಲ್ಲಾದ್ದರಿಂದ ಕನ್ನಡ ಮಾತ್ರ ಬಲ್ಲವರು ಸೈಬರ್ ಸೆಂಟರಿನವರ ಕೈಯಲ್ಲಿ ಮಗುವಿನ ವಯಸ್ಸು, ಲಿಂಗ, ಆರೋಗ್ಯದ ಆಯ್ಕೆಗಳನ್ನು ಒತ್ತಿಸುವಂತಾಗಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೇ ಹೋಗಿ ಸಹಾಯ ಕೇಳಿ.

ಇದಕ್ಕಿಂತ ದೊಡ್ಡ ತೊಡಕು ಅವಧಿಯದು. ವರದಿ 3 ವರ್ಷ ಊರ್ಜಿತ. ಆರೋಗ್ಯವಂತ ಹಸುಗೂಸಿಗಾಗಿ ಕಾಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಸರದಿ ಹತ್ತಿರ ಬರುವ ಹೊತ್ತಿಗೆ ವರದಿ ಹಳತಾಗಿರುತ್ತದೆ. ಆದ್ದರಿಂದ ವರದಿ ಅಪ್‌ಲೋಡ್ ಆದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಎರಡೂವರೆ ವರ್ಷ ತುಂಬುತ್ತಿದ್ದಂತೆ ನವೀಕರಣಕ್ಕೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ನಡುವೆ ಮನೆ ಬದಲಾದರೆ, ಕೆಲಸ ಹೋದರೆ, ಗರ್ಭ ನಿಂತರೆ, ಮನೆಯಲ್ಲಿ ಸಾವಾದರೆ ಆಗಲೇ ತಿಳಿಸಿ. ನೋಂದಣಿಗೆ ಕೊಟ್ಟ ಸಿಮ್ ಮತ್ತು ಇಮೇಲ್ ಜೀವಂತವಾಗಿರಲಿ, ಏಕೆಂದರೆ ಮಗುವಿನ ವಿವರ ಬಂದ ಮೇಲೆ ಕಾಯ್ದಿರಿಸಲು ಸಿಗುವುದು 48 ಗಂಟೆ ಮಾತ್ರ.