ಬ್ಯಾಟರಿ ಬಾಡಿಗೆ ಅಂದರು, ನನ್ನ ಹೆಸರಿನಲ್ಲಿ ಎರಡನೇ ಸಾಲ ಕೂರಿಸಿದರು

ಎಲೆಕ್ಟ್ರಿಕ್ ಕಾರು ತಗೊಳ್ಳಲು ಹೊರಟಿರುವವರು, ಅದರಲ್ಲೂ "ಬ್ಯಾಟರಿ ಬಿಟ್ಟು ಇಷ್ಟೇ ದರ" ಅನ್ನುವ ಜಾಹೀರಾತು ನೋಡಿ ಶೋರೂಮಿಗೆ ಹೋಗುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಆಮೇಲೆ ಹೋಗಿ.

ಕಾರಿನ ಬಗ್ಗೆ ನನ್ನ ದೂರಿಲ್ಲ. ಕಾರು ಚೆನ್ನಾಗಿದೆ. ಸದ್ದಿಲ್ಲ, ಹೊಗೆಯಿಲ್ಲ, ಪಿಕಪ್ ಅಂತೂ ಕೇಳಲೇಬೇಡಿ. ನನ್ನ ಸಿಟ್ಟೆಲ್ಲ ಅದನ್ನು ಮಾರಿದ ರೀತಿಯ ಮೇಲೆ, ಸಾಲದ ಕಾಗದ ಮಾಡಿಸಿಕೊಂಡ ರೀತಿಯ ಮೇಲೆ. ಬರೆಯುವಾಗ ಈಗಲೂ ಕೈ ನಡುಗುತ್ತದೆ, ಅಷ್ಟು ಸಿಟ್ಟಿದೆ.

ಶೋರೂಮಿನಲ್ಲಿ ಹೇಗೆ ನಡೆಯುತ್ತದೆ ಅಂತ ಗೊತ್ತಲ್ಲ. ಕೂರಿಸಿದರು, ಹಾಳೆ ತೆಗೆದರು, ಮಧ್ಯೆ ಗೆರೆ ಎಳೆದರು. ಒಂದು ಕಡೆ ಪೆಟ್ರೋಲ್ ಕಾರಿನ ಖರ್ಚು, ಇನ್ನೊಂದು ಕಡೆ ಇದರದ್ದು. ಹುಡುಗ ಬಹಳ ಚುರುಕು. "ಮೇಡಂ, ಈ ಕಾರಿನಲ್ಲಿ ದೊಡ್ಡ ಖರ್ಚು ಅಂದ್ರೆ ಬ್ಯಾಟರಿ. ಅದನ್ನ ನೀವು ಕೊಳ್ಳೋದೇ ಬೇಡ. ಬಾಡಿಗೆಗೆ ತಗೊಳ್ಳಿ. ಓಡಿಸಿದ ಕಿಲೋಮೀಟರಿಗೆ ಮಾತ್ರ ದುಡ್ಡು. ಓಡಿಸ್ಲಿಲ್ಲ ಅಂದ್ರೆ ಕಟ್ಟೋದೇ ಬೇಡ."

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ಓಡಿಸ್ಲಿಲ್ಲ ಅಂದ್ರೆ ಕಟ್ಟೋದೇ ಬೇಡ. ನಾನು ಮತ್ತೆ ಕೇಳಿದೆ, ಊರಲ್ಲಿ ಇಲ್ಲದ ತಿಂಗಳು? "ಝೀರೋ ಮೇಡಂ" ಅಂದ. ನನ್ನ ಗಂಡ ಪಕ್ಕದಲ್ಲೇ ಇದ್ದರು, ಅವರೂ ಕೇಳಿಸಿಕೊಂಡಿದ್ದಾರೆ.

ಏನೂ ತಿಳಿಯದೆ ಹೋಗಿ ಕೂತವಳು ಅಂದುಕೊಳ್ಳಬೇಡಿ. ಬ್ಯಾಟರಿಯನ್ನು ಬೇರೆ ಮಾಡಿ ಬಾಡಿಗೆಗೆ ಕೊಡುವುದು ಹಳೆಯ ಪದ್ಧತಿಯೇ. ಯುರೋಪಿನಲ್ಲಿ ರೆನೋ ಕಂಪನಿಯ ಜೋಯಿ ಕಾರನ್ನು ಮೊದಮೊದಲು ಹೀಗೇ ಮಾರಿದರು. ಚೀನಾದ ನಿಯೋ 2020ರಲ್ಲಿ ಇಂಥ ಯೋಜನೆ ತಂದಿತು, ಅಲ್ಲಿ ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಹಾಕಿಸಿಕೊಳ್ಳುವ ಸ್ಟೇಷನ್ನುಗಳೂ ಇವೆ. ಇದೆಲ್ಲ ಓದಿಕೊಂಡೇ ಹೋಗಿದ್ದೆ. ಅದಕ್ಕೇ ಬಾಡಿಗೆ ಅಂದಾಗ ಅನುಮಾನ ಬರಲಿಲ್ಲ.

ಕಾಗದಕ್ಕೆ ಬರೋಣ. "ಓದದೆ ಸೈನ್ ಹಾಕಿದ್ರಾ?" ಅಂತ ಕೇಳುವವರಿಗೆ ಮೊದಲೇ ಹೇಳುತ್ತೇನೆ, ಓದಿದ್ದೇನೆ. ಕಾರಿನ ಸಾಲದ ಒಪ್ಪಂದವನ್ನು ಸಾಲು ಸಾಲಾಗಿ ಓದಿದೆ. ಕಾಯುತ್ತಿದ್ದವರಿಗೆ ಬೇಜಾರಾಗುವಷ್ಟು ಹೊತ್ತು ಓದಿದೆ. ಬ್ಯಾಟರಿಗೆ ಅಂತ ನನ್ನ ಮುಂದೆ ಇಟ್ಟದ್ದು ಒಂದೇ ಒಂದು ಹಾಳೆ. ಬಣ್ಣದ ಹಾಳೆ. ಅದರಲ್ಲಿ ಕಿಲೋಮೀಟರ್ ದರ ದಪ್ಪ ಅಕ್ಷರದಲ್ಲಿ, ಕೆಳಗೆ "ಷರತ್ತುಗಳು ಅನ್ವಯ". ಷರತ್ತು ಎಲ್ಲಿ ಅಂದೆ. "ಮೇಲ್‌ಗೆ ಬರುತ್ತೆ ಮೇಡಂ, ಅದೆಲ್ಲ ಸ್ಟಾಂಡರ್ಡ್." ಆಮೇಲೆ ಫೋನಿಗೆ ಒಂದರ ಹಿಂದೆ ಒಂದು ಒಟಿಪಿ ಬಂದವು. "ಇದು ಕೆವೈಸಿಗೆ, ಇದು ಇನ್ಶೂರೆನ್ಸಿಗೆ, ಇದು ಆ್ಯಪ್ ರಿಜಿಸ್ಟ್ರೇಷನ್‌ಗೆ, ಹೇಳಿ ಮೇಡಂ."

ಅದರಲ್ಲಿ ಒಂದು ಒಟಿಪಿ ಬ್ಯಾಟರಿಯ ಮೇಲಿನ ಸಾಲದ ಒಪ್ಪಂದಕ್ಕೆ ಹಾಕಿದ ನನ್ನ ಡಿಜಿಟಲ್ ಸಹಿ. ಸಾಲ ಅಂತ ಯಾರೂ ಬಾಯಿಬಿಡಲಿಲ್ಲ. ಕೆವೈಸಿ ಅಂತ ಹೇಳಿ ತಗೊಂಡರು.

ಮೊದಲ ತಿಂಗಳ ಬ್ಯಾಟರಿ ಬಾಡಿಗೆ ಖಾತೆಯಿಂದ ಹೋದಾಗ ಲೆಕ್ಕ ತಾಳೆಯಾಗಲಿಲ್ಲ. ಓಡಿಸಿದ್ದು ಬಹಳ ಕಡಿಮೆ, ಹೋದ ದುಡ್ಡು ಬಹಳ ಜಾಸ್ತಿ. ಶೋರೂಮಿಗೆ ಫೋನ್ ಮಾಡಿದೆ. "ಅದು ಮಿನಿಮಮ್ ಮೇಡಂ. ತಿಂಗಳಿಗೆ 1500 ಕಿಲೋಮೀಟರ್ ಓಡಿಸಿದ ಹಾಗೆ ಲೆಕ್ಕ." ಅಂದರೆ ದಿನಕ್ಕೆ 50 ಕಿಲೋಮೀಟರ್, ರಜಾದಿನ ಸೇರಿ! ಕಾರು ಮನೆ ಮುಂದೆ ನಿಂತೇ ಇದ್ದರೂ ಅಷ್ಟು ಕಟ್ಟಬೇಕು. ಜಾಸ್ತಿ ಓಡಿಸಿದರೆ ಜಾಸ್ತಿ ಕಟ್ಟಬೇಕು, ಅದು ಬೇರೆ. ಓಡಿಸದಿದ್ದರೆ ಝೀರೋ ಅಂದಿದ್ದಿರಲ್ಲ ಅಂದೆ. "ಹಾಗೆ ಹೇಳಿರಲ್ಲ ಮೇಡಂ, ನಿಮಗೆ ತಪ್ಪಾಗಿ ಕೇಳಿಸಿರಬೇಕು."

ನಮ್ಮಿಬ್ಬರಿಗೂ ಒಟ್ಟಿಗೆ ತಪ್ಪಾಗಿ ಕೇಳಿಸಿತಂತೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಬಾಡಿಗೆ ಜಾಸ್ತಿಯಾಯಿತು, ಹೋಗಲಿ ಅಂತ ಸುಮ್ನೆ ಇರುತ್ತಿದ್ದೆ. ನಿಜವಾದ ಪೆಟ್ಟು ಬಿದ್ದದ್ದು ಬ್ಯಾಂಕಿನಲ್ಲಿ. ಮನೆ ರಿಪೇರಿಗೆ ಸಾಲ ಕೇಳಲು ಹೋಗಿದ್ದೆವು. ಅಲ್ಲಿನ ಆಫೀಸರ್ ನನ್ನ ಕ್ರೆಡಿಟ್ ರಿಪೋರ್ಟ್ ತೆಗೆದರು. ನೋಡುತ್ತಾ ನೋಡುತ್ತಾ ಕೇಳಿದರು, "ಎರಡು ವಾಹನ ಸಾಲ ನಡೀತಾ ಇದೆಯಲ್ಲ ಮೇಡಂ. ಎರಡು ಕಾರಿದೆಯಾ?"

ಇಲ್ಲ, ಒಂದೇ ಅಂದೆ. ರಿಪೋರ್ಟ್ ತಪ್ಪಿರಬೇಕು ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಹಿಂದೆ ನಿಂತಿದ್ದವರು ತಿರುಗಿ ನೋಡಿದರು. ಆಫೀಸರ್ ಏನೂ ಮಾತಾಡದೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಮೊದಲ ಸಾಲು ಕಾರಿನ ಸಾಲ. ಅದರ ಕೆಳಗೆ ನಾನು ಹೆಸರೂ ಕೇಳಿರದ ಒಂದು ಫೈನಾನ್ಸ್ ಕಂಪನಿ, 60 ಕಂತು, "ಚಾಲ್ತಿ". ಸಾಲ ಬಿಡುಗಡೆಯಾದ ದಿನಾಂಕದ ಮೇಲೆ ಅವರು ಪೆನ್ನಿನ ತುದಿ ಇಟ್ಟು ತೋರಿಸಿದರು. ಕಾರಿನ ಕೀ ಕೊಟ್ಟು ಫೋಟೋ ತೆಗೆದರಲ್ಲ, ಅದೇ ದಿನ.

ಆ ಕುರ್ಚಿಯಲ್ಲಿ ಕೂತಿದ್ದಾಗ ಆದ ಅವಮಾನ ಹೇಳತೀರದು. ಸಾಲ ಮುಚ್ಚಿಟ್ಟು ಇನ್ನೊಂದು ಸಾಲ ಕೇಳಲು ಬಂದವಳು ಅನ್ನುವ ಹಾಗಾಯಿತು. ಗಂಡ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಫೀಸಿನಲ್ಲಿ ಎಲ್ಲರಿಗೂ "ಬ್ಯಾಟರಿ ಕೊಳ್ಳಲೇ ಇಲ್ಲ, ಹೆಂಗೆ ಉಳಿಸಿದೆ ನೋಡಿ" ಅಂತ ಬೇರೆ ಕೊಚ್ಚಿಕೊಂಡಿದ್ದೆ. ಒಬ್ಬರು ಅದೇ ಶೋರೂಮಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದರು. ಅವರನ್ನು ತಡೆದೆ ಅನ್ನುವುದೊಂದೇ ಸಮಾಧಾನ.

ಇನ್ನು ಅವರ ಉತ್ತರಗಳು. ಇದನ್ನು ಓದಲೇಬೇಕು.

ಮಾರಿದ ಹುಡುಗ: "ಅದು ಬಾಡಿಗೇನೇ ಮೇಡಂ, ಸಿಸ್ಟಮ್‌ನಲ್ಲಿ ಮಾತ್ರ ಲೋನ್ ಅಂತ ತೋರಿಸುತ್ತೆ. ಟೆನ್ಷನ್ ತಗೋಬೇಡಿ."

ಅವನ ಮ್ಯಾನೇಜರ್: "ನಾವು ಕಾರು ಮಾರೋರು. ಫೈನಾನ್ಸ್‌ಗೂ ನಮಗೂ ಸಂಬಂಧ ಇಲ್ಲ." ಆ ಫೈನಾನ್ಸಿನವರ ಟೇಬಲ್ಲು ಇವರ ಶೋರೂಮಿನ ಒಳಗೇ ಇದೆ. ಕೈ ಮಾಡಿ ತೋರಿಸಿದೆ. "ಅವರು ಇವತ್ತು ರಜ" ಅಂದರು.

ಫೈನಾನ್ಸ್ ಕಂಪನಿಯ ಹೆಲ್ಪ್‌ಲೈನ್: "ನೀವೇ ಒಟಿಪಿ ಕೊಟ್ಟು ಒಪ್ಪಿಗೆ ಸೂಚಿಸಿದ್ದೀರಿ. ಡೀಲರ್ ಬಾಯಲ್ಲಿ ಹೇಳಿದ ಮಾತಿಗೆ ಸಂಸ್ಥೆ ಜವಾಬ್ದಾರಿಯಲ್ಲ."

ಮೇಲ್ ಹಾಕಿದೆ. ಉತ್ತರ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಪರಿಹಾರ ಏನು ಅಂತ ಬರೆದಿರಲಿಲ್ಲ. ಮತ್ತೆ ಹಾಕಿದೆ, ಅದೇ ಉತ್ತರ. ಇದರ ನಡುವೆ ಮಾರಿದ ಹುಡುಗನಿಂದ ಮೆಸೇಜು, "ಮೇಡಂ 5 ಸ್ಟಾರ್ ರೇಟಿಂಗ್ ಕೊಡಿ, ಫ್ರೆಂಡ್ಸ್ ಇದ್ರೆ ಕಳಿಸಿ, ರೆಫರಲ್ ಬೋನಸ್ ಇದೆ." ಇವರಿಗೆ ನಾಚಿಕೆ ಅನ್ನುವುದು ಇದೆಯಾ?

ಸರಿ, ಸಾಲ ಅಂತಾದರೆ ಪೂರ್ತಿ ತೀರಿಸಿಬಿಡುತ್ತೇನೆ, ಬ್ಯಾಟರಿ ನನ್ನದಾಗುತ್ತದಲ್ಲ ಅಂತ ಕೇಳಿದೆ. ಆಗುವುದಿಲ್ಲವಂತೆ. ಕಂತೆಲ್ಲ ಮುಗಿದ ಮೇಲೆ "ಉಳಿಕೆ ಮೌಲ್ಯ" ಅಂತ ಇನ್ನೊಂದು ಮೊತ್ತ ಕಟ್ಟಬೇಕಂತೆ, ಆಮೇಲೆ ಎನ್‌ಒಸಿ, ಅಂದರೆ ಬಾಕಿಯಿಲ್ಲ ಅನ್ನುವ ಪತ್ರ. ಆ ಮೊತ್ತ ಎಷ್ಟು? "ಆಗ ತಿಳಿಸುತ್ತೇವೆ." ನೋಡಿ ಹೇಗಿದೆ. ದುಡ್ಡು ವಸೂಲಿಗೆ ಬಂದರೆ ಸಾಲ. ಬ್ಯಾಟರಿ ಯಾರದ್ದು ಅಂದರೆ ಬಾಡಿಗೆ.

ಈ ಬ್ಯಾಟರಿ ಸಾಲದ ಬಡ್ಡಿ ಇನ್ನೊಂದು ಕಥೆ. ಕೇಳಿದಾಗ ಹೇಳಿದ್ದು ವರ್ಷಕ್ಕೆ 7 ಪರ್ಸೆಂಟ್. ನೋಡಿದರೆ ಅದು ಫ್ಲಾಟ್ ಬಡ್ಡಿ. ಅಂದರೆ ಅಸಲು ತಿಂಗಳು ತಿಂಗಳು ಕರಗಿದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಅಸಲಿನ ಮೇಲೇ. 5 ವರ್ಷಕ್ಕೆ ಲೆಕ್ಕ ಹಾಕಿ. 100 ಸಾಲಕ್ಕೆ 35 ಬಡ್ಡಿ, ಒಟ್ಟು 135, ತಿಂಗಳಿಗೆ 2.25. ಇದೇ ಕಂತನ್ನು ಬ್ಯಾಂಕಿನವರು ಸಾಮಾನ್ಯವಾಗಿ ಹೇಳುವ ಹಾಗೆ, ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ದರ ಸುಮಾರು 12.5 ಆಗುತ್ತದೆ. 7 ಅಲ್ಲ, ಹನ್ನೆರಡೂವರೆ! ಅರ್ಧ ಅವಧಿ ಕಟ್ಟಿದ ಮೇಲೂ ಅಸಲಿನಲ್ಲಿ 100ಕ್ಕೆ ಸುಮಾರು 58 ಬಾಕಿ ಇರುತ್ತದೆ. ಈ ಲೆಕ್ಕವನ್ನು ಆ ಹಾಳೆಯ ಮಧ್ಯೆ ಗೆರೆ ಎಳೆದು ಯಾರೂ ತೋರಿಸುವುದಿಲ್ಲ.

ಚಾರ್ಜರ್ ವಿಷಯದಲ್ಲೂ ಟೋಪಿ ಹಾಕಿದರು. ಮನೆಗೆ 7.2 ಕಿಲೋವ್ಯಾಟ್ ವಾಲ್ ಚಾರ್ಜರ್ ಹಾಕಿಸಿಕೊಳ್ಳಿ, ಬೇಗ ತುಂಬುತ್ತೆ ಅಂತ ಹೇಳಿ ಅದರ ದುಡ್ಡನ್ನೂ ಸಾಲಕ್ಕೇ ಸೇರಿಸಿದರು. ಹಾಕಿಸಿದ ಮೇಲೂ ರಾತ್ರಿ ಪ್ಲಗ್ ಹಾಕಿದ ಕಾರು ಬೆಳಗ್ಗೆ ತುಂಬಿರಲಿಲ್ಲ. ಆ್ಯಪಿನಲ್ಲಿ 3.3 ಕಿಲೋವ್ಯಾಟ್ ದಾಟುತ್ತಲೇ ಇಲ್ಲ. ಆಮೇಲೆ ವೈರಿಂಗಿನವರು ಹೇಳಿದ್ದು ಇದು. ಗೋಡೆಯ ಮೇಲಿನ ಡಬ್ಬ ಮನೆಗೆ ಬರುವ ಎಸಿ ಕರೆಂಟನ್ನೇ ಕೊಡುತ್ತದೆ, ಅಷ್ಟೇ. ಅದನ್ನು ಬ್ಯಾಟರಿಗೆ ಬೇಕಾದ ಡಿಸಿ ಕರೆಂಟ್ ಮಾಡಿ ತುಂಬುವುದು ಕಾರಿನ ಒಳಗಿರುವ ಆನ್‌ಬೋರ್ಡ್ ಚಾರ್ಜರ್. ನಾನು ತಗೊಂಡ ಮಾಡೆಲ್ಲಿನಲ್ಲಿ ಅದು 3.3 ಕಿಲೋವ್ಯಾಟಿನದ್ದು. ಬಾಟಲಿ ಬಾಯಿ ಚಿಕ್ಕದಿದ್ದರೆ ನಲ್ಲಿ ಎಷ್ಟು ದೊಡ್ಡದಿದ್ದು ಏನು ಬಂತು? 40 ಯೂನಿಟ್ಟಿನ (ಕಿಲೋವ್ಯಾಟ್-ಅವರ್) ಬ್ಯಾಟರಿ ಖಾಲಿಯಿಂದ ತುಂಬಲು, ಮಧ್ಯೆ ಸೋರಿಹೋಗುವ ಹತ್ತು ಪರ್ಸೆಂಟ್ ಸೇರಿಸಿಕೊಂಡರೆ, 3.3ರಲ್ಲಿ ಹದಿಮೂರು ಗಂಟೆಗೂ ಜಾಸ್ತಿ ಬೇಕು. ಕಾರೇ 7.2 ತಗೊಳ್ಳುವಂಥದ್ದಾಗಿದ್ದರೆ ಆರು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತಿತ್ತು.

ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಮುಂದೆ ದೊಡ್ಡ ಕಾರು ತಗೊಂಡಾಗ ಉಪಯೋಗಕ್ಕೆ ಬರುತ್ತೆ ಮೇಡಂ."

ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಅರ್ಧ ಗಂಟೆಗೆ ಫುಲ್ ಅಂದಿದ್ದರು. ಫುಲ್ ಅಲ್ಲ. ಇಂಥ ಲೆಕ್ಕವನ್ನು ಸಾಮಾನ್ಯವಾಗಿ 10ರಿಂದ 80 ಪರ್ಸೆಂಟಿಗೆ ಹೇಳುತ್ತಾರೆ, 80 ದಾಟಿದ ಮೇಲೆ ಬ್ಯಾಟರಿ ಕಾಪಾಡಲು ಕಾರೇ ವೇಗ ಇಳಿಸುತ್ತದೆ. ಇದು ಮೋಸವಲ್ಲ, ಬ್ಯಾಟರಿಯ ಗುಣ. ಹೇಳದೇ ಇರುವುದು ಮೋಸ. ಹಾಗೇ, ಆ ಹಾಳೆಯಲ್ಲಿ ಕಿಲೋಮೀಟರಿಗೆ ಇಷ್ಟೇ ಖರ್ಚು ಅಂತ ಬರೆದದ್ದು ಬರೀ ಮನೆ ಕರೆಂಟಿನ ಲೆಕ್ಕ. ಹೊರಗಡೆ ಫಾಸ್ಟ್ ಚಾರ್ಜರಿನ ದರ ಸಾಮಾನ್ಯವಾಗಿ ಅದಕ್ಕಿಂತ ಬಹಳ ಜಾಸ್ತಿ. ಬ್ಯಾಟರಿ ಬಾಡಿಗೆಯನ್ನಂತೂ ಸೇರಿಸಿಯೇ ಇರಲಿಲ್ಲ. ಸೇರಿಸಿದರೆ ನನ್ನ ಓಡಾಟಕ್ಕೆ ಹಳೆಯ ಪೆಟ್ರೋಲ್ ಕಾರೇ ಅಗ್ಗವಾಗಿತ್ತು.

ಕೋಪದಲ್ಲಿ ಕಂತು ನಿಲ್ಲಿಸಿಬಿಡೋಣ ಅನ್ನಿಸಿತ್ತು. ಆಗ ಮೇಲ್‌ನಲ್ಲಿ ಬಂದ ಷರತ್ತುಗಳನ್ನು ಪೂರ್ತಿ ಓದಿದೆ. ಕಾರು ಕೈಗೆ ಬಂದ ಮೇಲೆ ಲಿಂಕಿನಲ್ಲಿ ಕಳಿಸಿದ್ದು ಅದು. ಬಾಕಿ ಉಳಿಸಿದರೆ ದೂರದಿಂದಲೇ ಬ್ಯಾಟರಿಯ ಚಾರ್ಜಿಂಗ್ ನಿಲ್ಲಿಸುವ ಹಕ್ಕು ಅವರಿಗಿದೆ ಅಂತ ಬರೆದಿದೆ! ಕಾರು ನನ್ನದು, ಸಾಲ ನನ್ನದು, ಸ್ವಿಚ್ ಅವರ ಕೈಯಲ್ಲಿ. ಜರ್ಮನಿಯಲ್ಲಿ ಇಂಥದ್ದೇ ಷರತ್ತಿನ ವಿರುದ್ಧ ಗ್ರಾಹಕ ಸಂಘಟನೆಯೊಂದು ಕೋರ್ಟಿಗೆ ಹೋಗಿತ್ತು. ಬಾಡಿಗೆ ಒಪ್ಪಂದ ರದ್ದು ಮಾಡಿ ದೂರದಿಂದ ಚಾರ್ಜಿಂಗ್ ತಡೆಯುವ ಷರತ್ತು ಊರ್ಜಿತವಲ್ಲ ಅಂತ 2022ರ ಅಕ್ಟೋಬರಿನಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಹೇಳಿತು. ಬ್ಯಾಟರಿ ನಿಂತರೆ ಇಡೀ ಕಾರೇ ನಿಲ್ಲುತ್ತದೆ, ಜಗಳದಲ್ಲಿ ಗ್ರಾಹಕನ ಕೈ ಕಟ್ಟಿದ ಹಾಗಾಗುತ್ತದೆ ಅನ್ನುವುದು ಅದರ ಸಾರ. ಎಲ್ಲ ಕಡೆ ಅದೇ ಕಾನೂನು ಇರುವುದಿಲ್ಲ. ಆದರೆ ಅಂಥ ಷರತ್ತು ಇದೆಯಾ ಅಂತ ನೋಡದೆ ಮಾತ್ರ ಮುಂದುವರಿಯಬೇಡಿ.

ಮಾರಿ ಕೈ ತೊಳೆದುಕೊಳ್ಳೋಣ ಅಂದರೆ ಅದೂ ಸುಲಭವಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿ ಯಾರದ್ದು ಅಂತ ಕೇಳುತ್ತಾರೆ, ಉತ್ತರ ಕೇಳಿ ಫೋನ್ ಇಡುತ್ತಾರೆ. ಹೊಸ ಕಾರಿನ ಬೆಲೆ ಇಳಿದರೆ ಹಳೆಯದರ ಬೆಲೆಯೂ ಬೀಳುತ್ತದೆ. 2023ರ ಜನವರಿಯಲ್ಲಿ ಟೆಸ್ಲಾ ಅಮೆರಿಕ, ಯುರೋಪಿನಲ್ಲಿ ದರ ಇಳಿಸಿದಾಗ ಹಾಗೇ ಆಯಿತು. ಕಾರಿನ ಬೆಲೆ ಇಳಿಯುತ್ತದೆ, ಸಾಲ ಇಳಿಯುವುದಿಲ್ಲ. ನನಗಂತೂ ಎರಡೆರಡು.

ಹೋಗುವವರು ಇಷ್ಟಾದರೂ ಮಾಡಿ. ಒಟಿಪಿ ಹೇಳುವ ಮೊದಲು ಆ ಮೆಸೇಜನ್ನು ಪೂರ್ತಿ ಓದಿ, ಅದರಲ್ಲಿ ಯಾವ ಕಂಪನಿಯ ಹೆಸರಿದೆ ನೋಡಿ. ಯಾರ ಕೈಗೂ ಫೋನ್ ಕೊಡಬೇಡಿ. ಬ್ಯಾಟರಿಯ ಒಪ್ಪಂದ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ, "ಮೇಲ್‌ಗೆ ಬರುತ್ತೆ" ಅಂದರೆ ಎದ್ದು ಬನ್ನಿ. ತಿಂಗಳ ಮಿನಿಮಮ್ ಎಷ್ಟು, ಕೊನೆಗೆ ಕಟ್ಟಬೇಕಾದದ್ದು ಎಷ್ಟು, ಬ್ಯಾಟರಿ ಕೆಟ್ಟರೆ ವಾರಂಟಿ ಕೇಳುವವರು ಯಾರು, ಇದನ್ನೆಲ್ಲ ಬರವಣಿಗೆಯಲ್ಲಿ ಕೇಳಿ. 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬ್ಯಾಟರಿ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಅದು ಯಾರಿಗೆ ಕೊಟ್ಟ ವಾರಂಟಿ? ನನಗೆ ಇವತ್ತಿಗೂ ಒಬ್ಬರೂ ಹೇಳಿಲ್ಲ. ನಗುತ್ತಾ ಮಾತಾಡುವ ಹುಡುಗರನ್ನು ನಂಬಬೇಡಿ, ಅದನ್ನೂ ಸೇರಿಸಿಕೊಳ್ಳಿ.

ಈಗಾಗಲೇ ಇಂಥ ಯೋಜನೆಯಲ್ಲಿ ಕಾರು ತಗೊಂಡವರು ಇವತ್ತೇ ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ನಾನು ಲಿಖಿತ ದೂರು ಕೊಟ್ಟಿದ್ದೇನೆ, ಒಟಿಪಿ ಮೆಸೇಜುಗಳ ಸ್ಕ್ರೀನ್‌ಶಾಟ್, ಆ ಬಣ್ಣದ ಹಾಳೆ, ಎಲ್ಲ ಲಗತ್ತಿಸಿದ್ದೇನೆ. ಕಂತು ಕಟ್ಟುತ್ತಲೇ ಇದ್ದೇನೆ, ಬೇರೆ ದಾರಿಯಿಲ್ಲ. ನಿಮ್ಮ ರಿಪೋರ್ಟಿನಲ್ಲೂ ಗೊತ್ತಿಲ್ಲದ ಎರಡನೇ ಸಾಲ ಕಂಡರೆ ನೀವೂ ದೂರು ಕೊಡಿ. ನಾನೊಬ್ಬಳೇ ಕೇಳಿದರೆ "ತಪ್ಪಾಗಿ ಕೇಳಿಸಿರಬೇಕು" ಅಂತಲೇ ಅನ್ನುತ್ತಾರೆ.