ಡಬ್ಬಿ ಅಸಲಿ, ಒಳಗಿನ ಇಯರ್ ಪ್ಯಾಡ್ ನಕಲಿ: ಕಾಸರಗೋಡು ಕಡೆಯವರು ದಯವಿಟ್ಟು ಗಮನಿಸಿ

ಹೇಳಿಕೊಳ್ಳುವುದಕ್ಕೇ ನಾಚಿಕೆಯಾಗುತ್ತದೆ. ಹದಿನಾಲ್ಕು ವರ್ಷಗಳಿಂದ ತಾಳಮದ್ದಳೆಗಳ (ವೇಷವಿಲ್ಲದೆ, ಕುಳಿತು ಹಾಡು-ಮಾತುಗಳಲ್ಲೇ ನಡೆಸುವ ಯಕ್ಷಗಾನದ) ಧ್ವನಿಮುದ್ರಣ ಮಾಡಿಕೊಂಡು ಬಂದವನು, ಊರಿನಲ್ಲಿ ಯಾರೇ ಹೆಡ್‌ಫೋನ್ ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕೇಳುತ್ತಾರೆ ಎಂದು ಒಳಗೊಳಗೇ ಬೀಗುತ್ತಿದ್ದವನು, ಹೆಡ್‌ಫೋನಿನ ಇಯರ್ ಪ್ಯಾಡ್ ಎಂಬ ಎರಡು ಸ್ಪಂಜಿನ ಬಿಲ್ಲೆಗಳಿಗೆ 1,450 ರೂಪಾಯಿ ಕೊಟ್ಟು ಮೋಸಹೋಗಿದ್ದೇನೆ. ಹೋದದ್ದು ಹಣ ಮಾತ್ರವಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ.

ನನ್ನದು ಸೆನ್‌ಹೈಸರ್ ಎಚ್‌ಡಿ 25. 1988ರಲ್ಲಿ ಮಾರುಕಟ್ಟೆಗೆ ಬಂದ, ಕೇಬಲ್ ಬಿಟ್ಟರೆ 140 ಗ್ರಾಂ ಮಾತ್ರ ತೂಗುವ, ಕಿವಿಯನ್ನು ಸುತ್ತುವರಿಯದೆ ಕಿವಿಯ ಮೇಲೆಯೇ ಒತ್ತಿ ಕುಳಿತುಕೊಳ್ಳುವ ಮಾದರಿ. ಸವೆದ ಭಾಗವನ್ನು ಬಿಚ್ಚಿ ಹೊಸದನ್ನು ಹಾಕಿಕೊಳ್ಳಬಹುದು ಎಂಬುದೇ ಅದರ ದೊಡ್ಡ ಗುಣ, ನಾನು ಹಳ್ಳಕ್ಕೆ ಬಿದ್ದದ್ದೂ ಅದರಿಂದಲೇ. ನಮ್ಮ ಕಡೆಯ ಮಳೆಗಾಲದಲ್ಲಿ ಕೃತಕ ಚರ್ಮದ ಪ್ಯಾಡ್ ಹೆಚ್ಚು ಕಾಲ ಬಾಳುವುದಿಲ್ಲ. ಮೇಲಿನ ಪಾಲಿಯುರೆಥೇನ್ ಪದರ ತೇವಕ್ಕೂ ಬೆವರಿಗೂ ಶಿಥಿಲವಾಗಿ ಕರಿ ಹೊಟ್ಟಿನಂತೆ ಉದುರುತ್ತದೆ. ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ತಾಳಮದ್ದಳೆ ಸಪ್ತಾಹಕ್ಕೆ ನಾಲ್ಕೇ ದಿನವಿದ್ದುದರಿಂದ ದೂರದಿಂದ ತರಿಸಿಕೊಳ್ಳುವಷ್ಟು ತಾಳ್ಮೆಯಿಲ್ಲದೆ ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಹೋದೆ.

ಅಂಗಡಿಯವನು ಕಪಾಟಿನಿಂದ ಕಂಪೆನಿಯ ಹೆಸರು ಮುದ್ರಿಸಿದ ಡಬ್ಬಿಯೊಂದನ್ನು ಇಳಿಸಿ, "ಮಾಸ್ಟ್ರೇ, ಇದು ಕಂಪೆನಿಯದ್ದೇ, ಕೊನೆಯ ಒಂದು ಜೊತೆ ಉಳಿದಿದೆ" ಎಂದ. ಡಬ್ಬಿಯ ಎಡಮೂಲೆ ಹರಿದಿತ್ತು, ಪಕ್ಕದಲ್ಲಿ ನೀಲಿ ಪೆನ್ನಿನಿಂದ ಬೆಲೆ ಬರೆದಿತ್ತು. ನನ್ನ ಕೈಗೆ ಅದನ್ನು ಕೊಡದೆ, ಒಳಗಿದ್ದ ಪ್ಯಾಡುಗಳನ್ನು ತೆಗೆದು ತಾನೇ ಹೆಡ್‌ಫೋನಿಗೆ ಹಾಕಿಕೊಟ್ಟ. ಹಳೆಯ ಪ್ಯಾಡುಗಳನ್ನು ಕಸದ ಬುಟ್ಟಿಗೆ ಎಸೆದ. ಡಬ್ಬಿ ಕೇಳಿದೆ. "ಡಬ್ಬಿ ಏನು ಮಾಡುತ್ತೀರಿ ಮಾಸ್ಟ್ರೇ, ಮನೆಯಲ್ಲಿ ಕಸ" ಎಂದ. ಬಿಲ್ ಕೇಳಲಿಲ್ಲ. ಕೇಳಲಿಲ್ಲ ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ, ಏಕೆಂದರೆ ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು.

ಮನೆಗೆ ಬಂದು ಹಳೆಯ ಮುದ್ರಣವೊಂದನ್ನು ಹಾಕಿದರೆ ಚೆಂಡೆ ಚಾಟಿಯಂತೆ ಹೊಡೆಯುತ್ತಿತ್ತು, ಚಕ್ರತಾಳ ಕಿವಿಯೊಳಗೇ ಕುಟ್ಟುತ್ತಿತ್ತು, ಮದ್ದಳೆಯ ಗುಂಕಾರ ಮಾತ್ರ ಎಲ್ಲಿಯೂ ಇರಲಿಲ್ಲ. ಕಿವಿಯ ಮೇಲೆ ಕೂರುವ ಹೆಡ್‌ಫೋನಿನಲ್ಲಿ ಪ್ಯಾಡ್ ಎಂದರೆ ಬರೀ ಮೆತ್ತೆಯಲ್ಲ. ಅದು ಗಾಳಿ ಸೋರದಂತೆ ಕಿವಿಗೆ ಅಂಟಿಕೊಂಡರೆ ಮಾತ್ರ ಕೆಳಗಿನ ಸ್ವರಗಳು ಉಳಿಯುತ್ತವೆ, ಸೋರಿದರೆ ಮೊದಲು ಹೋಗುವುದು ಅವೇ. ಅದರ ದಪ್ಪ ಬದಲಾದರೆ ಕಿವಿಗೂ ಸ್ಪೀಕರಿಗೂ ಇರುವ ಅಂತರ ಬದಲಾಗಿ ಮೇಲಿನ ಸ್ವರಗಳೂ ಬೇರೆಯಾಗುತ್ತವೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಡಿಯವನಿಗೆ ಫೋನ್ ಮಾಡಿದಾಗ ಆತ ಹೇಳಿದ್ದನ್ನು ನಂಬಿದೆ: "ಹೊಸ ಪ್ಯಾಡಲ್ಲವಾ ಮಾಸ್ಟ್ರೇ, ಹದಿನೈದು ದಿನ ಹಾಕಿ, ಒಗ್ಗುತ್ತದೆ."

ಸಪ್ತಾಹದ ಏಳೂ ದಿನಗಳ ಮುದ್ರಣವನ್ನು ಅದೇ ಹೆಡ್‌ಫೋನಿನಲ್ಲಿ ಕೇಳಿ ಸರಿಪಡಿಸಿದೆ. ಮದ್ದಳೆ ಕೇಳಿಸುತ್ತಿಲ್ಲವೆಂದು ಕೆಳಗಿನ ಸ್ವರಗಳನ್ನು ಆರು ಡೆಸಿಬೆಲ್ ಏರಿಸಿ, ಕಲಾವಿದರಿಗೆಲ್ಲ ಹೆಮ್ಮೆಯಿಂದ ಕಳುಹಿಸಿದೆ. ಮರುದಿನ ಬೆಳಿಗ್ಗೆ ಮದ್ದಳೆಗಾರರ ಫೋನ್. "ಭಾವಾ, ನಾನು ಬಾರಿಸಿದ್ದು ಮದ್ದಳೆ, ನೀವು ಕಳುಹಿಸಿದ್ದು ಗುಡುಗು." ಅವರು ನಕ್ಕರು, ನನಗೆ ನಗಲಾಗಲಿಲ್ಲ. ಫೋನ್ ಇಟ್ಟ ಮೇಲೆ ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿ ಹಿಡಿದೆ. ಮದ್ದಳೆ ಥಟ್ಟನೆ ಮರಳಿ ಬಂತು. ಕೈ ಸಡಿಲಿಸಿದೆ, ಮಾಯವಾಯಿತು. ಮೊದಲ ದಿನವೇ ಹೀಗೆ ಒತ್ತಿ ನೋಡಬಹುದಿತ್ತು.

ಅಂಗಡಿಯವನಿಗೆ ಎರಡನೆಯ ಸಲ ಫೋನ್ ಮಾಡಿದಾಗ "ನಿಮ್ಮ ಹೆಡ್‌ಫೋನೇ ಹಳೆಯದಾಯಿತು, ಸ್ಪೀಕರ್ ಸೊರಗಿರಬೇಕು" ಎಂದ. ಮೂರನೆಯ ಸಲ, ಧ್ವನಿ ತಗ್ಗಿಸಿ, ಬಹಳ ಕಾಳಜಿಯಿಂದ, "ಮಾಸ್ಟ್ರೇ, ಪ್ರಾಯವಾಗುತ್ತಾ ಬಂದ ಹಾಗೆ ಕಿವಿ ಸ್ವಲ್ಪ... ಒಮ್ಮೆ ಡಾಕ್ಟರಿಗೆ ತೋರಿಸಿ" ಎಂದ. ಈ ಮಾತನ್ನು ನಾನು ಮರೆಯಲಾರೆ. ಪ್ರಾಯದಿಂದ ಮೊದಲು ಕುಂದುವುದು ಮೇಲಿನ ಸ್ವರಗಳು, ನನಗೆ ಇಲ್ಲವಾಗಿದ್ದುದು ಕೆಳಗಿನವು ಎಂದು ಅವನಿಗೆ ತಿಳಿದಿರಬೇಕಾಗಿಲ್ಲ. ಆದರೆ ತಾನು ಮಾರಿದ್ದೇನು ಎಂಬುದು ತಿಳಿದೇ ಇತ್ತು.

ತಿಳಿದಿತ್ತು ಎನ್ನಲು ಕಾರಣವಿದೆ. ಮರುವಾರ ಖುದ್ದಾಗಿ ಹೋದೆ. ಕಪಾಟಿನಲ್ಲಿ ಅದೇ ಜಾಗದಲ್ಲಿ ಅದೇ ಡಬ್ಬಿ: ಹರಿದ ಎಡಮೂಲೆ, ನೀಲಿ ಪೆನ್ನಿನ ಬರಹ. ಕೊನೆಯ ಜೊತೆ ನನಗೆ ಮಾರಿದ ಮೇಲೂ ಡಬ್ಬಿ ತುಂಬಿಯೇ ಇತ್ತು. ಒಂದು ಅಸಲಿ ಡಬ್ಬಿಯನ್ನು ಇಟ್ಟುಕೊಂಡು, ಒಬ್ಬೊಬ್ಬರು ಬಂದಾಗಲೂ ಅದಕ್ಕೆ ಹೊಸ ನಕಲಿ ಜೊತೆಯನ್ನು ತುಂಬುತ್ತಿದ್ದಾನೆ ಎಂಬುದು ಹೊಳೆದ ಆ ಕ್ಷಣ ಕಿವಿ ಬಿಸಿಯಾಯಿತು. ಬೆರಳು ಮಾಡಿ ತೋರಿಸಿದೆ. "ಅದು ಬರೀ ತೋರಿಸಲಿಕ್ಕೆ ಇಟ್ಟದ್ದು ಮಾಸ್ಟ್ರೇ." ಹಣ ಹಿಂದಿರುಗಿಸು ಎಂದೆ. "ಬಿಲ್ ಉಂಟಾ?" ನನ್ನ ಹಳೆಯ ಪ್ಯಾಡುಗಳನ್ನಾದರೂ ಕೊಡು, ಹೋಲಿಸಿ ತೋರಿಸುತ್ತೇನೆ ಎಂದೆ. "ಹಳೆಯದನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ?" ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ನನ್ನ ಮುಖವನ್ನೇ ನೋಡುತ್ತಿದ್ದ, ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು ಎಂಬ ಸಂಶಯದಲ್ಲಿ ತಲೆ ತಗ್ಗಿಸಿ ಹೊರಗೆ ಬಂದೆ.

ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಮುಂದೆ ಏನಾಗುತ್ತದೋ ನೋಡೋಣ. ನೀವು ಪ್ಯಾಡ್ ಕೊಳ್ಳುವುದಾದರೆ ಡಬ್ಬಿಯನ್ನು ನಿಮ್ಮ ಕೈಯಲ್ಲೇ ತೆರೆಯಿರಿ. ಆಮದಾದ ವಸ್ತುವಿನ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಬೆಲೆ ಮುದ್ರಿಸಿರಲೇಬೇಕು. ಪೆನ್ನಿನ ಬರಹವನ್ನು ನಂಬಬೇಡಿ. ಹಳೆಯ ಪ್ಯಾಡುಗಳನ್ನು, ಎಷ್ಟೇ ಉದುರಿದ್ದರೂ, ಜೇಬಿಗೆ ಹಾಕಿಕೊಂಡು ಬನ್ನಿ. ಪರಿಚಿತ ಹಾಡೊಂದನ್ನು ಅಲ್ಲಿಯೇ ಕೇಳಿ, ಒತ್ತಿ ಹಿಡಿದೂ ಕೇಳಿ. ಮಾಸ್ಟ್ರೇ ಎಂದು ಕರೆದರೆಂದು ಕರಗಬೇಡಿ.

ಅಸಲಿ ಪ್ಯಾಡುಗಳು ಕಂಪೆನಿಯ ಅಧಿಕೃತ ಮಾರಾಟಗಾರರಿಂದ ಮೊನ್ನೆ ಬಂದವು. ಏಳು ದಿನಗಳ ಮುದ್ರಣವನ್ನು ಮೊದಲಿನಿಂದ ಸರಿಪಡಿಸುತ್ತ ಕುಳಿತಿದ್ದೇನೆ; ಈಗ ಮೂರನೆಯ ದಿನದ್ದು ನಡೆಯುತ್ತಿದೆ.